ಹಳೆಯ ಕಾರೋ, ಹೊಸ ಕಾರೋ? ಒಂದು ಗೃಹಗಣಿತದ ಪಾಠ

ಮನುಷ್ಯನು ಒಂದು ವಸ್ತುವನ್ನು ಮೊದಲ ಬಾರಿಗೆ ಕೊಳ್ಳುವಾಗ ಹತ್ತು ಜನರನ್ನು ಕೇಳುತ್ತಾನೆ. ನಾಲ್ಕು ಅಂಗಡಿಗಳನ್ನು ಸುತ್ತುತ್ತಾನೆ. ಮನೆಯ ಜಮಾಖರ್ಚಿನ ಪುಸ್ತಕವನ್ನು ತೆರೆದು ನೋಡುತ್ತಾನೆ. ಅದೇ ವಸ್ತುವನ್ನು ಕೊಟ್ಟು ಅದರ ಹೊಸ ಮಾದರಿಯನ್ನು ತರುವಾಗ ಮಾತ್ರ ಇಷ್ಟು ವಿಚಾರ ಮಾಡುವುದಿಲ್ಲ. ‘ಇದ್ದುದನ್ನೇ ತುಸು ಉತ್ತಮಪಡಿಸಿಕೊಳ್ಳುತ್ತಿದ್ದೇನೆ’ ಎಂಬ ಸಮಾಧಾನವು ಅವನ ಲೆಕ್ಕದ ಬುದ್ಧಿಯನ್ನು ಮಲಗಿಸಿಬಿಡುತ್ತದೆ. ವಿದ್ಯಾರ್ಥಿಗಳೇ, ಆ ಬುದ್ಧಿಯನ್ನು ಎಚ್ಚರಿಸತಕ್ಕ ಕ್ರಮವೊಂದನ್ನು ಈ ಪಾಠದಲ್ಲಿ ನೋಡೋಣ. ಉದಾಹರಣೆಗಾಗಿ ಈಚೆಗೆ ನಮ್ಮ ಅನೇಕ ಮನೆಗಳ ಅಂಗಳಕ್ಕೆ ಬಂದಿರುವ ವಿದ್ಯುತ್ ಕಾರನ್ನೇ ತೆಗೆದುಕೊಳ್ಳೋಣ. ಇದರಲ್ಲಿ ಬರುವ ಗುಣಾಕಾರ ಭಾಗಾಕಾರಗಳು ನಿಮಗೆ ತಿಳಿದವುಗಳೇ. ನಿಮ್ಮ ತಂದೆತಾಯಿಗಳೊಡನೆ ಕುಳಿತು ಓದಿದರೆ ಇನ್ನೂ ಒಳ್ಳೆಯದು.

ವಿದ್ಯುತ್ ಕಾರು ನಮ್ಮವರಿಗೆ ತೀರ ಅಪರಿಚಿತವಾದುದಲ್ಲ. 2001ರಲ್ಲಿಯೇ ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ಕಾರು ಮಾರಾಟಕ್ಕೆ ಬಂದಿತು. ಅದರಲ್ಲಿದ್ದುದು ಸೀಸದ ಬ್ಯಾಟರಿ. ಒಮ್ಮೆ ಪೂರ್ತಿ ತುಂಬಿಸಿದರೆ ಸುಮಾರು 80 ಕಿಲೋಮೀಟರು ಓಡುತ್ತಿತ್ತು. ಆ ಬಳಿಕ ಹಗುರವೂ ಹೆಚ್ಚು ಶಕ್ತಿಯನ್ನು ಹಿಡಿದಿಡುವಂಥದೂ ಆದ ಲಿಥಿಯಂ ಅಯಾನ್ ಬ್ಯಾಟರಿಯು ಕಾರುಗಳಿಗೆ ಬಂದಿತು. ಅದನ್ನು ರೂಪಿಸಿದ ಗುಡೆನಫ್, ವಿಟ್ಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ವಿದ್ಯುತ್ ಕಾರು ಪೇಟೆಗೆ ಬಂದಾಗ ಅದರ ಬ್ಯಾಟರಿಯ ಹಿಡಿತ 30.2 ಯೂನಿಟ್, ಪರೀಕ್ಷೆಯಲ್ಲಿ ದೊರೆತ ದೂರ 312 ಕಿಲೋಮೀಟರು. 2024ರ ಸೆಪ್ಟೆಂಬರಿನಲ್ಲಿ ಅದೇ ಹೆಸರಿನ ಕಾರು 45 ಯೂನಿಟ್ ಹಿಡಿತದೊಡನೆ ಬಂದಿತು. ಪರೀಕ್ಷೆಯ ದೂರ 489 ಕಿಲೋಮೀಟರಿಗೆ ಏರಿತು. ನಾಲ್ಕೇ ವರ್ಷಗಳಲ್ಲಿ ಇಷ್ಟು ಬದಲಾವಣೆಯಾದರೆ ಹಳೆಯದನ್ನು ಕೊಂಡವರ ಮನಸ್ಸು ಚಂಚಲವಾಗುವುದು ಸಹಜವಲ್ಲವೆ?

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ತಂದೆಗೆ ಕಾಸರಗೋಡು ಪೇಟೆಯಲ್ಲಿ ಉದ್ಯೋಗ. ತಾಯಿ ಕನ್ನಡ ಶಾಲೆಯ ಉಪಾಧ್ಯಾಯಿನಿ. ಮನೆಯ ಹಿಂದೆ ಸ್ವಲ್ಪ ಅಡಕೆಯ ತೋಟವಿದೆ. ಕೊಳೆರೋಗ ಬಂದ ವರ್ಷ ಅದರ ಉತ್ಪತ್ತಿಯನ್ನು ನೆಚ್ಚುವಂತಿಲ್ಲ. 2021ರಲ್ಲಿ ಈ ಮನೆಯವರು ಪೆಟ್ರೋಲು ಕಾರನ್ನು ಮಾರಿ, 30 ಯೂನಿಟ್ಟಿನ ವಿದ್ಯುತ್ ಕಾರನ್ನು ಕೊಂಡರು. ಮಗಳು ಬರುವ ವರ್ಷ ಮಂಗಳೂರಿನಲ್ಲಿ ಕಾಲೇಜಿಗೆ ಸೇರತಕ್ಕವಳು. ಚಿಕ್ಕಪ್ಪನ ಮನೆ ಬೆಂಗಳೂರಿನಲ್ಲಿದೆ. ಒಂದು ಸಂಜೆ ತಂದೆಯು, “ಬೆಂಗಳೂರಿಗೆ ಹೋಗುವಾಗ ದಾರಿಯಲ್ಲಿ ಎರಡು ಕಡೆ ಕಾಯಬೇಕಾಗುತ್ತದೆ. ಹೊಸ ಕಾರನ್ನು ತೆಗೆದುಕೊಂಡರೆ ಹೇಗೆ?” ಎಂದು ಕೇಳಿದರು. ತಾಯಿಯು, “ಕಾಲೇಜಿನ ಖರ್ಚು ಎದುರಿಗಿದೆಯಲ್ಲ” ಎಂದರು. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಇಂಥಲ್ಲಿ ವಾದದಿಂದ ಇತ್ಯರ್ಥವಾಗದು, ಲೆಕ್ಕದಿಂದ ಆದೀತು.

ಮೊದಲನೆಯ ಪ್ರಶ್ನೆ: ಹಿಂದಿನ ಬದಲಾವಣೆಯಿಂದ ಬಂದ ಲಾಭ ಈಗಲೂ ಬರುವುದೆ?

ಈ ಮನೆಯ ಕಾರು ದಿನಕ್ಕೆ 40 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ಓಡುತ್ತದೆ. ಆದುದರಿಂದ ವರ್ಷಕ್ಕೆ 12,000 ಕಿಲೋಮೀಟರು. ಪೆಟ್ರೋಲು ಕಾರು ಲೀಟರಿಗೆ 15 ಕಿಲೋಮೀಟರು ಓಡುತ್ತಿದ್ದರೆ ವರ್ಷಕ್ಕೆ 800 ಲೀಟರು ಬೇಕು. ಲೀಟರಿಗೆ 105 ರೂಪಾಯಿ ಎಂದು ಹಿಡಿದರೆ 84,000 ರೂಪಾಯಿ. ವಿದ್ಯುತ್ ಕಾರಿಗೆ 100 ಕಿಲೋಮೀಟರಿಗೆ 15 ಯೂನಿಟ್ಟಿನಂತೆ 1,800 ಯೂನಿಟ್. ತುಂಬಿಸುವಾಗ ಬಿಸಿಯಾಗಿ ನಷ್ಟವಾಗುವುದನ್ನು ಸೇರಿಸಿದರೆ 2,000 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದು ಇಟ್ಟುಕೊಂಡರೆ 16,000 ರೂಪಾಯಿ. ಅಂದರೆ ಮೊದಲ ಬದಲಾವಣೆಯಿಂದ ವರ್ಷಕ್ಕೆ 68,000 ರೂಪಾಯಿ ಉಳಿಯಿತು. ಅದು ಜಾಣತನದ ಕೆಲಸವೇ ಸರಿ.

ಈಗ ಹೊಸ ವಿದ್ಯುತ್ ಕಾರು ಹಳೆಯದಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ ವಿದ್ಯುತ್ತನ್ನು ಬಳಸಿತೆಂದೇ ಹಿಡಿಯೋಣ. ಆಗ ವರ್ಷಕ್ಕೆ ಉಳಿಯುವುದೆಷ್ಟು? 1,600 ರೂಪಾಯಿ ಮಾತ್ರ! 68,000 ಎಲ್ಲಿ, 1,600 ಎಲ್ಲಿ? ಪೆಟ್ರೋಲಿನಿಂದ ವಿದ್ಯುತ್ತಿಗೆ ಬರುವುದು ಒಂದು ಮಾತು. ವಿದ್ಯುತ್ತಿನಿಂದ ವಿದ್ಯುತ್ತಿಗೆ ಹೋಗುವುದು ಬೇರೊಂದು ಮಾತು. ಹಿಂದಿನ ಯಶಸ್ಸಿನ ನೆನಪಿನಿಂದ ಇಂದಿನ ವ್ಯಾಪಾರವನ್ನು ಮಾಡಬಾರದೆಂಬುದು ಇಲ್ಲಿಯ ಮೊದಲ ಪಾಠ.

ಎರಡನೆಯ ಪ್ರಶ್ನೆ: ಹಳೆಯ ಬ್ಯಾಟರಿಯು ನಿಜವಾಗಿಯೂ ಸೋತಿದೆಯೆ?

ಕಾಲ ಕಳೆದಂತೆ ಲಿಥಿಯಂ ಬ್ಯಾಟರಿಯ ಹಿಡಿತವು ಸ್ವಲ್ಪಸ್ವಲ್ಪವಾಗಿ ಕುಗ್ಗುತ್ತದೆ. ಬಿಸಿಲಿನಲ್ಲಿ ಪೂರ್ತಿ ತುಂಬಿಸಿ ವಾರಗಟ್ಟಲೆ ನಿಲ್ಲಿಸುವುದೂ, ಪೂರ್ತಿ ಬರಿದುಮಾಡಿ ಹಾಗೆಯೇ ಬಿಡುವುದೂ ಅದಕ್ಕೆ ಒಳ್ಳೆಯದಲ್ಲ. ಆದರೆ ‘ಕುಗ್ಗಿದೆಯಂತೆ’ ಎಂಬ ಮಾತಿಗಿಂತ ಅಳತೆಯು ಮೇಲು. ಮನೆಯಲ್ಲಿಯೇ ಮಾಡಬಹುದಾದ ಒಂದು ಸ್ಥೂಲ ಪರೀಕ್ಷೆಯಿದೆ. ಕಾರಿನ ಫಲಕವು ಶೇಕಡಾ 20 ಎಂದು ತೋರಿಸುವಾಗ ತುಂಬಿಸಲು ತೊಡಗಿ, ಶೇಕಡಾ 80 ಆದೊಡನೆ ನಿಲ್ಲಿಸಿ, ಕಾರಿಗೆ ಹೋದ ಯೂನಿಟ್ಟುಗಳನ್ನು ಮೀಟರಿನಲ್ಲಿ ನೋಡಬೇಕು. ಈ ಮನೆಯಲ್ಲಿ 18 ಯೂನಿಟ್ ಹೋಯಿತೆನ್ನೋಣ. ಹತ್ತನೆಯ ಒಂದು ಪಾಲು ನಷ್ಟವೆಂದು ಕಳೆದರೆ ಬ್ಯಾಟರಿಯನ್ನು ಸೇರಿದುದು 16.2 ಯೂನಿಟ್. ಇದು ಶೇಕಡಾ 60 ಭಾಗ. ಹಾಗಾದರೆ ಪೂರ್ಣ ಹಿಡಿತವು 27 ಯೂನಿಟ್. ಹೊಸತಾಗಿದ್ದಾಗ 30.2, ಈಗ ಅದರ ಶೇಕಡಾ 89ರಷ್ಟು ಉಳಿದಿದೆ. ಎರಡು ಮೂರು ಬಾರಿ ಅಳೆದು ಸರಾಸರಿಯನ್ನು ತೆಗೆದರೆ ಇನ್ನೂ ನಂಬಬಹುದು.

ಈ ಕಾರಿನ ಬ್ಯಾಟರಿಗೆ ತಯಾರಕರು 8 ವರ್ಷ ಅಥವಾ 1,60,000 ಕಿಲೋಮೀಟರು, ಇವುಗಳಲ್ಲಿ ಮೊದಲು ಮುಗಿಯುವುದರ ವರೆಗೆ ಭರವಸೆಯನ್ನು ಕೊಟ್ಟಿದ್ದಾರೆ. 2021ರಲ್ಲಿ ಕೊಂಡುದಾದುದರಿಂದ 2029ರ ವರೆಗೆ ಆ ಆಶ್ರಯವಿದೆ. ಇಷ್ಟು ತಿಳಿದ ಮೇಲೆ ಭಯಕ್ಕೆ ಅರ್ಧ ಕಾರಣವಿಲ್ಲವಾಯಿತು.

ಮೂರನೆಯ ಪ್ರಶ್ನೆ: ಹೊಸ ಕಾರಿನಿಂದ ಕೊಳ್ಳುವುದಾದರೂ ಏನನ್ನು?

ಹೆಚ್ಚಿನ ದೂರವನ್ನು. ಆದರೆ ಪರೀಕ್ಷಾಲಯದ ಉರುಳೆಗಳ ಮೇಲೆ ದೊರೆತ ಅಂಕೆಯನ್ನು ನಮ್ಮ ರಸ್ತೆಗೆ ತರಲಾಗದು. 100 ಕಿಲೋಮೀಟರಿಗೆ 15 ಯೂನಿಟ್ ಎಂಬ ನಮ್ಮ ಲೆಕ್ಕವನ್ನೇ ಹಿಡಿದರೆ ಹಳೆಯ ಕಾರು ಈಗ 180 ಕಿಲೋಮೀಟರು, ಹೊಸದು 300 ಕಿಲೋಮೀಟರು ಓಡೀತು. ದಿನದ 40 ಕಿಲೋಮೀಟರಿಗೆ ಎರಡೂ ಸಾಕಷ್ಟಾಯಿತು. ಮಂಗಳೂರಿಗೆ ಹೋಗಿಬರಲು ಸುಮಾರು 140 ಕಿಲೋಮೀಟರು. ಅದಕ್ಕೂ ಹಳೆಯದು ಸಾಲುತ್ತದೆ. ಉಳಿದುದು ಬೆಂಗಳೂರಿನ ದಾರಿ.

ಇಲ್ಲಿ ಘಟ್ಟವನ್ನು ಮರೆಯಬಾರದು. ಸಂಪಾಜೆಯ ದಾರಿಯಾಗಿ ಮಡಿಕೇರಿಗೆ ಏರುವಾಗ ಕಾರು ಸುಮಾರು 1,100 ಮೀಟರು ಮೇಲಕ್ಕೆ ಹೋಗುತ್ತದೆ. ಜನರೂ ಸಾಮಾನೂ ಸೇರಿ ಕಾರಿನ ತೂಕ 1,700 ಕಿಲೋಗ್ರಾಂ ಇದ್ದರೆ, ಬೇಕಾದ ಶಕ್ತಿಯು ತೂಕ, ಗುರುತ್ವಾಕರ್ಷಣೆಯ 9.8 ಮತ್ತು ಎತ್ತರ ಇವುಗಳ ಗುಣಲಬ್ಧ. ಅದು ಸುಮಾರು 183 ಲಕ್ಷ ಜೂಲ್. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಆದುದರಿಂದ ಎತ್ತರವನ್ನು ಏರುವುದಕ್ಕೇ 5 ಯೂನಿಟ್ ಬೇಕು. ಯಂತ್ರದ ನಷ್ಟ ಸೇರಿ 6 ಎನ್ನೋಣ. ಇಳಿಯುವಾಗ ಮೋಟಾರೇ ವಿದ್ಯುಜ್ಜನಕವಾಗಿ ಇದರ ಒಂದಂಶವನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಪೆಟ್ರೋಲು ಕಾರಿಗೆ ಈ ಗುಣವಿಲ್ಲ.

350 ಕಿಲೋಮೀಟರಿನ ದಾರಿಗೆ 52 ಯೂನಿಟ್, ಘಟ್ಟಕ್ಕೆ 6. ಒಟ್ಟು 58 ಎಂದಾಯಿತು. ಹಳೆಯ ಕಾರಿನ 27 ಯೂನಿಟ್ಟಿಗೆ ದಾರಿಯಲ್ಲಿ ಎರಡು ಕಡೆ ತುಂಬಿಸಬೇಕು. ಹೊಸ ಕಾರಿನ 45 ಯೂನಿಟ್ಟಿಗೆ? ಅದಕ್ಕೂ ಒಂದು ಕಡೆ ತುಂಬಿಸಲೇಬೇಕು! ಹಾಗಾದರೆ ತಂದೆಯವರು ಕೊಳ್ಳಬಯಸಿದುದು ನಿಲ್ಲದ ಪ್ರಯಾಣವನ್ನಲ್ಲ, ಒಂದು ನಿಲುಗಡೆಯ ಕಡಿತವನ್ನು. ಉಳಿದೊಂದು ನಿಲುಗಡೆಯು ಹೇಗೂ ಊಟದ ಹೊತ್ತಿಗೆ ಬರುತ್ತದೆ.

ನಾಲ್ಕನೆಯ ಪ್ರಶ್ನೆ: ಅದಕ್ಕೆ ತೆರತಕ್ಕ ಬೆಲೆಯೇನು?

ಹಳೆಯ ಕಾರಿಗೆ ಹಿಂದೆ ಎಷ್ಟು ಕೊಟ್ಟೆವೆಂಬುದನ್ನು ಇಲ್ಲಿ ಬರೆಯಬಾರದು. ಅದು ಹೊಳೆಯಲ್ಲಿ ಹರಿದುಹೋದ ನೀರು. ಈಗ ಅದು ಎಷ್ಟಕ್ಕೆ ಹೋದೀತು ಎಂಬುದಷ್ಟೆ ಲೆಕ್ಕ. ಬ್ಯಾಟರಿಯ ವಿಷಯದಲ್ಲಿ ಕೊಳ್ಳುವವರಿಗೂ ಅಂಜಿಕೆಯಿರುವುದರಿಂದ ಹಳೆಯ ವಿದ್ಯುತ್ ಕಾರಿಗೆ ಬೆಲೆ ಕಡಿಮೆ. 6 ಲಕ್ಷ ಬಂದೀತೆಂದೂ, ಹೊಸದಕ್ಕೆ 16 ಲಕ್ಷವೆಂದೂ ಇಟ್ಟುಕೊಳ್ಳೋಣ. ಕೊರತೆ 10 ಲಕ್ಷ. ಇದನ್ನು ನೂರಕ್ಕೆ 9ರ ಬಡ್ಡಿಯಲ್ಲಿ 5 ವರ್ಷದ ಸಾಲವಾಗಿ ತೆಗೆದರೆ ತಿಂಗಳ ಕಂತು 20,758 ರೂಪಾಯಿ. ಬಡ್ಡಿಯೇ ಸುಮಾರು 2,45,000 ರೂಪಾಯಿ. ಈ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿಯಿದೆಯೆಂದು ಯಾರಾದರೂ ಹೇಳಿಯಾರು. ಆ ಸೌಲಭ್ಯವು 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರ ವರೆಗೆ ಮಂಜೂರಾದ ಸಾಲಗಳಿಗೆ ಮಾತ್ರ ಇದ್ದುದು. ಈಗಿನ ಸಾಲಕ್ಕೆ ಅದು ಅನ್ವಯಿಸದು.

5 ವರ್ಷಗಳಲ್ಲಿ ಹಳೆಯ ಕಾರಿನ ಬೆಲೆ 6 ಲಕ್ಷದಿಂದ 2 ಲಕ್ಷಕ್ಕೆ, ಹೊಸದರದು 16ರಿಂದ 7ಕ್ಕೆ ಇಳಿಯಿತೆನ್ನೋಣ. ಹಳೆಯದರ ನಷ್ಟ 4 ಲಕ್ಷ, ಹೊಸದರದು 9 ಲಕ್ಷ. ಅಂತರ 5 ಲಕ್ಷ. ಬಡ್ಡಿಯನ್ನು ಸೇರಿಸಿದರೆ 7,45,000 ರೂಪಾಯಿ. ವಿದ್ಯುತ್ತಿನ ಉಳಿತಾಯ 5 ವರ್ಷಕ್ಕೆ 8,000 ರೂಪಾಯಿ; ಅದನ್ನು ಕಳೆದರೆ 7,37,000. ಬೆಂಗಳೂರಿಗೆ ವರ್ಷಕ್ಕೆ 4 ಸಲ ಹೋಗಿಬಂದರೆ 8 ದಿನದ ಪ್ರಯಾಣ. 5 ವರ್ಷಕ್ಕೆ 40 ದಿನ. ಭಾಗಿಸಿ ನೋಡಿರಿ: ಒಂದೊಂದು ಪ್ರಯಾಣದಲ್ಲಿ ಒಂದು ನಿಲುಗಡೆಯನ್ನು ತಪ್ಪಿಸುವುದಕ್ಕೆ 18,000 ರೂಪಾಯಿಗೂ ಮಿಕ್ಕ ಬೆಲೆ! ಅಷ್ಟರಲ್ಲಿ ಮನೆಮಂದಿಯೆಲ್ಲ ರೈಲಿನಲ್ಲಿ ಸುಖವಾಗಿ ಹೋಗಿ ಬರಬಹುದು.

ಐದನೆಯ ಪ್ರಶ್ನೆ: ಹಾಗಾದರೆ ಎಂದಿಗೂ ಬದಲಾಯಿಸಬಾರದೆ?

ಹಾಗಲ್ಲ. ಲೆಕ್ಕವು ಹೊಸದರ ವೈರಿಯಲ್ಲ. ದಿನನಿತ್ಯದ ಓಟವೇ 150 ಕಿಲೋಮೀಟರಿಗೆ ಏರಿದರೆ, ಭರವಸೆಯ ಅವಧಿ ಮುಗಿದ ಮೇಲೆ ಬ್ಯಾಟರಿಯು ಕೆಟ್ಟು ಅದರ ರಿಪೇರಿಯ ವೆಚ್ಚವು ಕಾರಿನ ಬೆಲೆಯನ್ನು ಮೀರಿದರೆ, ಮನೆಯ ಜನ ಹೆಚ್ಚಿ ಆಸನಗಳು ಸಾಲದೆ ಹೋದರೆ, ಇಲ್ಲವೆ ನಡೆಯಲಾರದ ಅಜ್ಜಿಯನ್ನು ಕುಳ್ಳಿರಿಸಲು ಈಗಿನ ಕಾರು ಅನುಕೂಲವಾಗದಿದ್ದರೆ ಬದಲಾಯಿಸುವುದು ವಿವೇಕವೇ. ಸುರಕ್ಷತೆಗೂ ತಕ್ಕ ಬೆಲೆಯನ್ನು ಕೊಡಬೇಕು. ಆದರೆ ಅಗತ್ಯವು ಮೊದಲು ಬರಬೇಕು, ಕಾರು ಅನಂತರ. ನೆರೆಮನೆಯ ಅಂಗಳದಲ್ಲಿ ಹೊಸತೊಂದು ಹೊಳೆಯಿತೆಂಬುದು ಅಗತ್ಯವಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿದುದು ಕಾಲಿಗಾಗಿ ಅಲ್ಲ, ನಿದ್ರೆಗಾಗಿ.

ನಮ್ಮ ಕಲ್ಪನೆಯ ಮನೆಯಲ್ಲಿ ಏನಾಯಿತು? ಮಗಳೇ ಕಾಗದ ಪೆನ್ಸಿಲು ಹಿಡಿದು ಈ ಲೆಕ್ಕವನ್ನೆಲ್ಲ ಮಾಡಿದಳು. ತಂದೆಯು ಬಹಳ ಹೊತ್ತು ಆ ಕಾಗದವನ್ನು ನೋಡಿದರು. “20,758 ರೂಪಾಯಿಯ ಕಂತು ಕಾರಿಗೆ ಹೋದರೆ ನಿನ್ನ ಕಾಲೇಜಿಗೆ ತೋಟದ ಉತ್ಪತ್ತಿಯನ್ನೇ ನೆಚ್ಚಬೇಕು. ಕೊಳೆರೋಗ ಬಂದರೆ?” ಎಂದರು. ಯಾರೂ ಉತ್ತರ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. 2029ರಲ್ಲಿ ಭರವಸೆಯು ಮುಗಿಯುವ ಮುನ್ನ ಬ್ಯಾಟರಿಯನ್ನು ಮತ್ತೊಮ್ಮೆ ಅಳೆದು ಆಗ ವಿಚಾರ ಮಾಡುವುದೆಂದೂ, ಅಲ್ಲಿಯ ವರೆಗೆ ತಿಂಗಳಿಗಿಷ್ಟೆಂದು ಮಗಳ ವಿದ್ಯೆಗಾಗಿ ತೆಗೆದಿರಿಸುವುದೆಂದೂ ನಿಶ್ಚಯವಾಯಿತು. ತಂದೆಯವರಿಗೆ ಹೊಸ ಕಾರಿನ ಆಸೆ ಅಂದೇ ಅಳಿಯಿತೆಂದು ತಿಳಿಯಬೇಡಿರಿ. ಆಸೆಯಿದ್ದೂ ಲೆಕ್ಕಕ್ಕೆ ತಲೆಬಾಗುವುದೇ ಹಿರಿತನ.

ಅಭ್ಯಾಸ

1. ನಿಮ್ಮ ಮನೆಯ ವಾಹನವು ಒಂದು ವಾರದಲ್ಲಿ ಓಡುವ ದೂರವನ್ನು ಪ್ರತಿದಿನವೂ ಬರೆದಿಟ್ಟು, ವರ್ಷದ ಓಟವನ್ನು ಕಂಡುಹಿಡಿಯಿರಿ.

2. ಮೇಲಿನ ಕುಟುಂಬವು ಬೆಂಗಳೂರಿಗೆ ವರ್ಷಕ್ಕೆ 4 ಸಲಕ್ಕೆ ಬದಲಾಗಿ 24 ಸಲ ಹೋಗಿಬರುತ್ತಿದ್ದರೆ, ಒಂದು ನಿಲುಗಡೆಯ ಬೆಲೆ ಎಷ್ಟಾಗುತ್ತದೆ? ಆಗ ನಿಮ್ಮ ತೀರ್ಮಾನವೇನು?

3. 1,500 ಕಿಲೋಗ್ರಾಂ ತೂಕದ ಕಾರು 800 ಮೀಟರು ಎತ್ತರವನ್ನು ಏರಲು, ನಷ್ಟವನ್ನು ಬಿಟ್ಟು, ಎಷ್ಟು ಯೂನಿಟ್ ಬೇಕು?

4. ನಿಮ್ಮ ಮನೆಯಲ್ಲಿ ಈಚೆಗೆ ಬದಲಾಯಿಸಿದ ಒಂದು ವಸ್ತುವನ್ನು ಆರಿಸಿ, ಅದಕ್ಕೆ ಈ ಐದು ಪ್ರಶ್ನೆಗಳನ್ನು ಹಾಕಿ, ಹಿರಿಯರೊಡನೆ ಚರ್ಚಿಸಿ, ಒಂದು ಪುಟದಷ್ಟು ಬರೆಯಿರಿ.