ತಾಯಿಯ ರಕ್ತದೊತ್ತಡವೂ ಗರ್ಭಸ್ಥ ಶಿಶುವೂ

ಸಪೂರವಾದ ಕೊಳವೆಯೊಂದರ ತ್ರಿಜ್ಯವನ್ನು ಅರ್ಧಕ್ಕೆ ಇಳಿಸಿದರೆ, ಅದೇ ಒತ್ತಡದಲ್ಲಿ ಹರಿಯುವ ದ್ರವವು ಅರ್ಧವಾಗುವುದಿಲ್ಲ. ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಪ್ವಾಸೂಯ್ ಎಂಬ ಫ್ರೆಂಚ್ ವೈದ್ಯನ ಈ ನಿಯಮವನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಆತನ ಕುತೂಹಲವೆಲ್ಲ ರಕ್ತದ ಹರಿವಿನಲ್ಲಿತ್ತೆಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ಗರ್ಭಸ್ಥ ಶಿಶುವಿಗೆ ಆಮ್ಲಜನಕವೂ ಆಹಾರವೂ ಮಾಸುವಿನ ಮೂಲಕವೇ ಬರಬೇಕು. ಗರ್ಭಕೋಶದ ಗೋಡೆಯಲ್ಲಿ ಸುರುಳಿಯಾಗಿರುವ ಕಿರುಧಮನಿಗಳು ತಾಯಿಯ ರಕ್ತವನ್ನು ಅಲ್ಲಿಗೆ ತರುತ್ತವೆ. ಗರ್ಭದ ಮೊದಲರ್ಧದಲ್ಲಿ ಮಾಸುವಿನ ಜೀವಕೋಶಗಳು ಈ ಧಮನಿಗಳನ್ನು ಹೊಕ್ಕು, ಅವುಗಳ ಸ್ನಾಯುಪದರವನ್ನು ಅಳಿಸಿ, ಬಾಯನ್ನು ಆಲಿಕೆಯಂತೆ ಅಗಲಿಸುತ್ತವೆ. ಆಗ ರಕ್ತವು ಬಯಲಿಗಿಳಿದ ಹೊಳೆಯಂತೆ ನಿಧಾನವಾಗಿ ಹರಡಿಕೊಳ್ಳುತ್ತದೆ. ಕೆಲವರಲ್ಲಿ ಈ ಕಾರ್ಯ ಅರ್ಧಕ್ಕೇ ನಿಲ್ಲುವುದುಂಟು. ಇಕ್ಕಟ್ಟಾದ ಬಾಯಿಂದ ಚಿಮ್ಮುವ ರಕ್ತವು ಮಾಸುವಿನ ಕೋಮಲವಾದ ಎಳೆಗಳನ್ನು ಘಾಸಿಗೊಳಿಸುತ್ತದೆ, ಪೂರೈಕೆಯೂ ಏರುಪೇರಾಗುತ್ತದೆ. ಪೀಡಿತವಾದ ಮಾಸು ಹೊರಬಿಡುವ ದ್ರವ್ಯಗಳು ತಾಯಿಯ ರಕ್ತನಾಳಗಳ ಒಳಪದರವನ್ನು ಕೆಡಿಸುವುದರಿಂದ ಆಕೆಯ ರಕ್ತದೊತ್ತಡ ಏರುತ್ತದೆ. 20 ವಾರಗಳ ಅನಂತರ ಅದು ಪಾದರಸದ 140/90 ಮಿಲಿಮೀಟರನ್ನು ಮುಟ್ಟಿ, ಮೂತ್ರದಲ್ಲಿ ಪ್ರೋಟೀನಾಗಲಿ ಬೇರೆ ಅಂಗಗಳ ತೊಂದರೆಯಾಗಲಿ ಕಂಡುಬಂದರೆ ವೈದ್ಯರು ಅದನ್ನು ಪ್ರಿಎಕ್ಲಾಂಪ್ಸಿಯ ಎನ್ನುತ್ತಾರೆ. ಶಿಶುವಿನ ಬೆಳವಣಿಗೆ ಕುಂಠಿತವಾಗಬಹುದು. ಮಾಸು ಅಕಾಲದಲ್ಲಿ ಕಳಚಿಕೊಳ್ಳಬಹುದು. ಶಿಶು ಗರ್ಭದಲ್ಲಿಯೇ ಅಸುನೀಗಲೂಬಹುದು.

ಇನ್ನು ತಾಯಿಯ ತೂಕದ ವಿಚಾರ. ಕಿಲೋಗ್ರಾಂಗಳಲ್ಲಿನ ತೂಕವನ್ನು ಮೀಟರುಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ 30 ಅಥವಾ ಹೆಚ್ಚು ಬಂದರೆ ಅದು ಸ್ಥೂಲತೆ. ಸ್ಥೂಲರಲ್ಲಿ ಅಧಿಕ ರಕ್ತದೊತ್ತಡ, ಮಧುಮೇಹಗಳು ಹೆಚ್ಚು. ಇವೆರಡೂ ಇಲ್ಲದವರಲ್ಲಿಯೂ ಶಿಶುಮರಣದ ಅಪಾಯ ಸ್ವಲ್ಪ ಹೆಚ್ಚೇ. ಆದರೆ ಸ್ಥೂಲರಾದ ತಾಯಂದಿರಲ್ಲಿ ಬಹುಪಾಲು ಮಂದಿ ಜೀವಂತ ಶಿಶುಗಳನ್ನೇ ಹೆರುತ್ತಾರೆ. ಮಗುವನ್ನು ಕಳೆದುಕೊಂಡವಳನ್ನು "ನಿನ್ನ ಮೈಯೇ ಕಾರಣ" ಎಂದು ದೂರುವುದು ವಿಜ್ಞಾನವೂ ಅಲ್ಲ, ಮನುಷ್ಯತ್ವವೂ ಅಲ್ಲ.

ಅಳತೆಯಲ್ಲಿಯೂ ಎಚ್ಚರ ಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿಯನ್ನು ಸುತ್ತಿದರೆ ಒತ್ತಡವು ಇದ್ದುದಕ್ಕಿಂತ ಹೆಚ್ಚಾಗಿ ತೋರುತ್ತದೆ. ತೋಳು ಹೃದಯದ ಮಟ್ಟಕ್ಕಿಂತ 13 ಸೆಂಟಿಮೀಟರು ಕೆಳಗಿದ್ದರೆ, ಅಷ್ಟೆತ್ತರದ ರಕ್ತದ ಕಂಬದ ಭಾರದಿಂದಲೇ ಸುಮಾರು 10 ಮಿಲಿಮೀಟರು ಕೂಡುತ್ತದೆ.

ಅಪಾಯ ಹೆಚ್ಚಿರುವವರಿಗೆ ವೈದ್ಯರು ಸಾಮಾನ್ಯವಾಗಿ 16 ವಾರಗಳೊಳಗೆ ಅಲ್ಪ ಪ್ರಮಾಣದ ಆಸ್ಪಿರಿನ್ನನ್ನು ಆರಂಭಿಸುತ್ತಾರೆ. ತೀವ್ರವಾದ ತಲೆನೋವು, ಕಣ್ಣು ಮಂಜಾಗುವುದು, ಶಿಶುವಿನ ಚಲನೆ ತಗ್ಗುವುದು, ಇವುಗಳಲ್ಲಿ ಯಾವುದು ಕಂಡರೂ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಹೆರಿಗೆಯಾದ ಕೆಲವು ದಿನಗಳ ಮೇಲೆಯೂ ಒತ್ತಡ ಏರುವುದುಂಟಾದ್ದರಿಂದ ಬಾಣಂತಿಯ ತೋಳಿಗೂ ಆ ಪಟ್ಟಿಯನ್ನು ಸುತ್ತಿ ನೋಡಬೇಕು.