ಲಾರಿ ಎಲ್ಲಿದೆ?

ನೂರು ಲಾರಿಗಳ ಒಡೆಯನೊಬ್ಬನು ಹುಬ್ಬಳ್ಳಿಯಲ್ಲಿ ಕುಳಿತಿರುವನೆಂದು ಭಾವಿಸೋಣ. ಅವನ ಲಾರಿಗಳು ಮುಂಬಯಿ, ಮಂಗಳೂರು, ಚೆನ್ನೈಗಳ ಹಾದಿಯಲ್ಲಿ ಚದರಿಹೋಗಿವೆ. ಹಿಂದೆ ಅವುಗಳ ಸುದ್ದಿ ತಿಳಿಯಬೇಕಾದರೆ ಚಾಲಕನೇ ದಾರಿಯಲ್ಲೆಲ್ಲಾದರೂ ನಿಂತು ದೂರವಾಣಿಯಲ್ಲಿ ಮಾತನಾಡಬೇಕಾಗಿತ್ತು. ಈಗ ಪ್ರತಿಯೊಂದು ಲಾರಿಯಲ್ಲಿಯೂ ಅಂಗೈಯಗಲದ ಪೆಟ್ಟಿಗೆಯೊಂದಿರುತ್ತದೆ; ಒಡೆಯನ ಮುಂದಿನ ನಕ್ಷೆಯ ಮೇಲೆ ನೂರು ಚುಕ್ಕೆಗಳು ಸರಿದಾಡುತ್ತವೆ. ಈ ಚುಕ್ಕೆಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಚಾಲಕನ ಸಂಬಳವೂ ಮರ್ಯಾದೆಯೂ ಅವುಗಳಿಗೆ ಗಂಟುಬಿದ್ದಿರುವುದರಿಂದ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ಅಮೆರಿಕದ ಜಿ.ಪಿ.ಎಸ್. ವ್ಯವಸ್ಥೆಯು 1995ರಲ್ಲಿ ಪೂರ್ಣವಾಗಿ ಸಿದ್ಧಗೊಂಡಿತು. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಕನಿಷ್ಠ 24 ಉಪಗ್ರಹಗಳು, ಹೆಚ್ಚುಕಡಮೆ 12 ಗಂಟೆಗೊಂದು ಸುತ್ತಿನಂತೆ ಪರಿಭ್ರಮಿಸುತ್ತವೆ. ಒಂದೊಂದರಲ್ಲಿಯೂ ಪರಮಾಣು ಗಡಿಯಾರಗಳುಂಟು. 'ನಾನು ಇಂತಹ ಕಡೆ ಇದ್ದೇನೆ, ಈಗ ಇಷ್ಟು ಹೊತ್ತು' ಎಂದು ಅವು ರೇಡಿಯೊ ಅಲೆಗಳಿಂದ ಸದಾ ಸಾರುತ್ತಿರುತ್ತವೆ. ಅಲೆಯು ಹೊರಟ ಹೊತ್ತಿಗೂ ತಲುಪಿದ ಹೊತ್ತಿಗೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹದ ದೂರ ದೊರೆಯುತ್ತದೆ. ಇಂತಹ ಮೂರು ದೂರಗಳಿಂದ ಸ್ಥಾನವನ್ನು ಗೊತ್ತುಪಡಿಸಬಹುದಾಗಿತ್ತು. ಆದರೆ ಪೆಟ್ಟಿಗೆಯ ಗಡಿಯಾರ ಅಗ್ಗದ್ದು. ಅದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸವಾಗುತ್ತದೆ! ಆದಕಾರಣ ಕಾಲದ ತಪ್ಪನ್ನೂ ಒಂದು ಅವ್ಯಕ್ತವೆಂದೆಣಿಸಿ, ನಾಲ್ಕು ಉಪಗ್ರಹಗಳಿಂದ ನಾಲ್ಕು ಸಮೀಕರಣಗಳನ್ನು ಪಡೆಯುತ್ತಾರೆ.

ಲಾರಿಯ ಸುದ್ದಿಯನ್ನು ಉಪಗ್ರಹವೇ ಕಚೇರಿಗೆ ಮುಟ್ಟಿಸುತ್ತದೆಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಜಿ.ಪಿ.ಎಸ್. ಉಪಗ್ರಹಕ್ಕೆ ಲಾರಿಯ ಇರವೇ ತಿಳಿಯದು. ಪೆಟ್ಟಿಗೆಯು ಕೇಳಿಸಿಕೊಂಡು ಲೆಕ್ಕಹಾಕಿ, ಫಲವನ್ನು ಮೊಬೈಲ್ ಜಾಲದ ಮೂಲಕ ಕಳುಹಿಸುತ್ತದೆ. ಜಾಲ ಸಿಕ್ಕದ ಕಾಡಿನಲ್ಲಿ ನೆನಪಿಟ್ಟುಕೊಂಡು ಆಮೇಲೆ ಒಪ್ಪಿಸುತ್ತದೆ.

ಉಪಯೋಗಗಳು ಸ್ಪಷ್ಟವಾಗಿಯೇ ಇವೆ. ನಿಂತಲ್ಲಿಯೇ ಎಂಜಿನ್ ಓಡಿಸಿ ಡೀಸೆಲ್ ಸುಡುವುದು ಗೊತ್ತಾಗುತ್ತದೆ. ಸರಕು ತಲುಪುವ ವೇಳೆಯನ್ನು ಮೊದಲೇ ತಿಳಿಸಬಹುದು. ಮೈಸೂರಿನ ನಗರ ಬಸ್ಸುಗಳಿಗೆ 2012ರಲ್ಲಿ ಇಂತಹ ಏರ್ಪಾಡು ಬಂದು, ಬಸ್ಸು ಬರುವ ಹೊತ್ತನ್ನು ನಿಲ್ದಾಣದ ಫಲಕಗಳಲ್ಲಿ ತೋರಿಸತೊಡಗಿದರು.

ಇನ್ನು ತಪ್ಪುಗಳ ಮಾತು. ತಗಡಿನ ಮಾಳಿಗೆಯ ಗೋದಾಮಿನ ಬದಿಯಲ್ಲಿ ಲಾರಿ ನಿಂತಿದೆ. ಅಲೆಗಳು ಗೋಡೆಗೆ ಬಡಿದು ಬಳಸಿಕೊಂಡು ಬರುವುದರಿಂದ ಚುಕ್ಕೆಯು 5 ಸೆಕೆಂಡಿನಲ್ಲಿ 50 ಮೀಟರ್ ಹಾರಿತೆನ್ನಿ. ಚುಕ್ಕೆಗಳನ್ನೇ ನಂಬಿ ಲೆಕ್ಕಮಾಡಿದರೆ, ನಿಂತ ಲಾರಿಯ ವೇಗ ಗಂಟೆಗೆ 36 ಕಿಲೋಮೀಟರ್! ಒಳ್ಳೆಯ ಗ್ರಾಹಕಗಳು ಹೀಗೆ ಮಾಡುವುದಿಲ್ಲ. ಹತ್ತಿರ ಬರುವ ರೈಲಿನ ಸಿಳ್ಳು ಏರುಶ್ರುತಿಯಲ್ಲಿ ಕೇಳಿಸುವಂತೆ, ಅಲೆಗಳ ಆವರ್ತನದಲ್ಲಾಗುವ ಡಾಪ್ಲರ್ ವ್ಯತ್ಯಾಸದಿಂದಲೇ ವೇಗವನ್ನು ಅಳೆಯುತ್ತವೆ.

ಘಾಟಿಯಲ್ಲಿ ಆಗುವುದು ಇದಕ್ಕೆ ವಿರುದ್ಧ. ಹಾಸನದಿಂದ ಮಂಗಳೂರಿಗೆ ಶಿರಾಡಿಯ ತಿರುವುಗಳಲ್ಲಿ ಇಳಿಯುವ ಲಾರಿಯು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸಾಗುತ್ತ ನಿಮಿಷಕ್ಕೊಂದು ಚುಕ್ಕೆಯನ್ನು ಕಳುಹಿಸಿದರೆ, ಎರಡು ಚುಕ್ಕೆಗಳ ನಡುವೆ 333 ಮೀಟರ್ ರಸ್ತೆ ಕಳೆದಿರುತ್ತದೆ. ಗಣಕಯಂತ್ರವು ಅವುಗಳನ್ನು ಸರಳರೇಖೆಯಿಂದ ಕೂಡಿಸಿದರೆ ತಿರುವುಗಳೆಲ್ಲ ಮಾಯ. ಓಡಿದ ದೂರ ಕಡಮೆಯೆಂದು ಕಂಡುಬಂದು, ಡೀಸೆಲಿನ ಖರ್ಚು ಹೆಚ್ಚೆಂದು ತೋರಿ, ಕಳವಿನ ಅನುಮಾನ ಚಾಲಕನ ತಲೆಗೆ ಕಟ್ಟಿಕೊಳ್ಳುತ್ತದೆ. ಪಾಪ, ಅವನು ಮಾಡಿದ ತಪ್ಪು ರಸ್ತೆಯಿದ್ದಂತೆ ಲಾರಿಯನ್ನು ತಿರುಗಿಸಿದ್ದು ಮಾತ್ರ. ಗಾಡಿಯ ಮೈಲಿಯಂತ್ರದ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡದೆ ಲೆಕ್ಕ ತೀರಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ನಷ್ಟವೆಷ್ಟೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಮಾಡಬಹುದು. 50 ಮೀಟರ್ ತ್ರಿಜ್ಯದ ಅರ್ಧವೃತ್ತಾಕಾರದ ತಿರುವಿನ ಉದ್ದ 157 ಮೀಟರ್. ಎರಡು ತುದಿಗಳಲ್ಲಿ ಮಾತ್ರ ಚುಕ್ಕೆಗಳಿದ್ದರೆ ಲೆಕ್ಕಕ್ಕೆ ಬರುವುದು 100 ಮೀಟರ್. 57 ಮೀಟರ್ ನಷ್ಟ. ತಿರುವಿನ ನಟ್ಟನಡುವೆ ಇನ್ನೊಂದು ಚುಕ್ಕೆಯಿಟ್ಟರೆ ಎರಡು ಜ್ಯಾಗಳ ಮೊತ್ತ 141 ಮೀಟರಿಗೇರಿ, ನಷ್ಟವು 16 ಮೀಟರಿಗಿಳಿಯುತ್ತದೆ. ಗಾಡಿಯ ದಿಕ್ಕು ಬದಲಾದೊಡನೆಯೇ ಹೆಚ್ಚಿನ ಚುಕ್ಕೆಯೊಂದನ್ನು ಗುರುತಿಸುವಂತೆ ಈಗ ಅನೇಕ ಪೆಟ್ಟಿಗೆಗಳನ್ನು ಅಣಿಗೊಳಿಸಿರುವುದು ಇದಕ್ಕಾಗಿಯೇ.