ಹಗ್ಗ, ಚೋಕ್ ನಂಬಬೇಡಿ. ಪೆಟ್ರೋಲ್ ಪೈಪು ಹಿಡಿದು ಹೋಗಿ

ಪ್ರಶ್ನೆ: ಮಲ್ಪೆ ಕಡೆಯಿಂದ ಬಂದ ಹಳೆಯ ಔಟ್‌ಬೋರ್ಡ್ ಬೋಟ್ ಎಂಜಿನ್ ಒಂದು ಅಗ್ಗಕ್ಕೆ ಸಿಗುವ ಹಾಗಿದೆ. ಭಾಲ್ಕಿ ತಾಲ್ಲೂಕಿನ ಕಾರಂಜಾ ಹಿನ್ನೀರಿನಲ್ಲಿ ಮೀನು ಹಿಡಿಯುವ ನಮ್ಮ ಬೀಗರಿಗೆ ಬೇಕಾಗಿದೆ. ಮಾರುವವರು ‘ಇಂಜೆಕ್ಷನ್ ಎಂಜಿನ್’ ಅನ್ನುತ್ತಾರೆ. ನಮ್ಮೂರ ಬೈಕ್ ಮಿಸ್ತ್ರಿ ‘ಹಗ್ಗ ಎಳೆದು ಚಾಲೂ ಮಾಡೋದು ಅಂದ್ರೆ ಕಾರ್ಬುರೇಟರ್‌ದೇ’ ಅನ್ನುತ್ತಾರೆ. ಯಾರ ಮಾತು ನಂಬಬೇಕು?
– ಓದುಗರೊಬ್ಬರು, ಠಾಣಾ ಕುಶನೂರ

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಎಂಜಿನ್ನಿನ ಮೇಲ್ಮುಚ್ಚಳ ತೆಗೆದು, ಪೆಟ್ರೋಲ್ ಪೈಪು ಕೊನೆಗೆ ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ನೋಡಿ. ಹೊರಗಿನ ಗುರುತುಗಳಲ್ಲಿ ದಾರಿ ತಪ್ಪಿಸುವವೇ ಹೆಚ್ಚು.

ಎರಡು ವ್ಯವಸ್ಥೆಗಳ ಕೆಲಸವೂ ಒಂದೇ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೆರೆಸುವುದು. ಪೂರ್ತಿ ಉರಿಯಲು ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಕಾರ್ಬುರೇಟರಿನಲ್ಲಿ ಈ ಲೆಕ್ಕವನ್ನು ಗಾಳಿಯೇ ಮಾಡುತ್ತದೆ. ಇಕ್ಕಟ್ಟಾದ ಕೊಳವೆಯಲ್ಲಿ ಗಾಳಿ ರಭಸದಿಂದ ನುಗ್ಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲ್, ಜೆಟ್ ಎಂಬ ಸಣ್ಣ ತೂತಿನಿಂದ ಮೇಲೆ ಬಂದು ಗಾಳಿಯ ಜೊತೆ ಹೋಗುತ್ತದೆ. ಇಂಜೆಕ್ಷನ್ನಿನಲ್ಲಿ ಲೆಕ್ಕ ಇಸಿಯು ಎಂಬ ಪುಟ್ಟ ಕಂಪ್ಯೂಟರಿನದು. ಪಂಪು ಪೆಟ್ರೋಲನ್ನು ಒತ್ತಡದಲ್ಲಿ ಹಿಡಿದಿರುತ್ತದೆ. ಸೆನ್ಸರ್‌ಗಳು ಕೊಟ್ಟ ಮಾಹಿತಿ ನೋಡಿಕೊಂಡು ಇಸಿಯು ಇಂಜೆಕ್ಟರನ್ನು ಕೆಲವು ಮಿಲಿಸೆಕೆಂಡುಗಳ ಮಟ್ಟಿಗೆ ತೆರೆದು ಮುಚ್ಚುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದ ಮೇಲೆ ನಮ್ಮ ಬೈಕು, ಸ್ಕೂಟರುಗಳಲ್ಲಿ ಹೆಚ್ಚಿನವು ಇಂಜೆಕ್ಷನ್ನಿಗೆ ಬದಲಾದವು. ಹೀಗಾಗಿ ಬೈಕಿನಲ್ಲಿ ತಯಾರಾದ ವರ್ಷ ನೋಡಿ ಊಹಿಸಬಹುದು. ಬೋಟ್ ಎಂಜಿನ್ನಿಗೆ ಆ ಲೆಕ್ಕ ನಡೆಯುವುದಿಲ್ಲ.

ಮೊದಲು ನೋಡಬೇಕಾದದ್ದು ಸ್ಪಾರ್ಕ್ ಪ್ಲಗ್. ಅದು ಇಲ್ಲದಿದ್ದರೆ ಎಂಜಿನ್ ಡೀಸೆಲ್‌ನದು; ಡೀಸೆಲ್ ಎಂಜಿನ್ನಿಗೆ ಕಾರ್ಬುರೇಟರ್ ಇರುವುದಿಲ್ಲ. ಮಲ್ಪೆ, ಮಂಗಳೂರಿನ ದೊಡ್ಡ ಟ್ರಾಲ್ ಬೋಟುಗಳ ಒಳಗಿರುವುದು ಇಂಥವೇ. ಹಳೆಯ ಡೀಸೆಲ್ ಎಂಜಿನ್ನಿನಲ್ಲೂ ಪಂಪು, ನೋಜಲ್ಲುಗಳೇ ಎಣ್ಣೆ ಚಿಮ್ಮಿಸುತ್ತವೆ, ಕಂಪ್ಯೂಟರ್ ಬೇಕಿಲ್ಲ.

ನಿಮ್ಮದು ಕರಾವಳಿಯಿಂದ ಬಂದದ್ದು ಎಂಬುದೇ ಒಂದು ಸುಳಿವು. ಅಲ್ಲಿನ ನಾಡದೋಣಿಗಳ ಔಟ್‌ಬೋರ್ಡ್‌ಗಳಲ್ಲಿ ಬಹಳಷ್ಟು ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥವು. ನಿಮ್ಮ ಕಡೆ ಹೊಲದಲ್ಲಿ ಬಳಸುವ ಸಣ್ಣ ಸೀಮೆಎಣ್ಣೆ ಪಂಪ್‌ಸೆಟ್ಟಿನ ರೀತಿಯೂ ಇದೇ. ಪೆಟ್ರೋಲಿಗೊಂದು, ಸೀಮೆಎಣ್ಣೆಗೊಂದು ಪೈಪು ಬಂದು, ನಡುವೆ ತಿರುಗಿಸುವ ಕಾಕ್ ಇದ್ದರೆ ಅದು ಕಾರ್ಬುರೇಟರ್ ಎಂಜಿನ್ ಎಂದೇ ತಿಳಿಯಿರಿ.

ಇನ್ನು ಮಿಸ್ತ್ರಿಯವರು ಹೇಳಿದ ಹಗ್ಗದ ವಿಷಯ. ಸಣ್ಣ ಔಟ್‌ಬೋರ್ಡ್‌ಗಳ ಮಟ್ಟಿಗೆ ಅವರ ಊಹೆ ಸಾಮಾನ್ಯವಾಗಿ ಸರಿಹೋಗುತ್ತದೆ, ಆದರೆ ಅದು ನಿಯಮವಲ್ಲ. ಸುಜುಕಿಯ ಈಚಿನ 15 ಮತ್ತು 20 ಎಚ್‌ಪಿ ಫೋರ್‌ಸ್ಟ್ರೋಕ್‌ಗಳಲ್ಲಿ ಬ್ಯಾಟರಿಯೇ ಬೇಡದ ಇಂಜೆಕ್ಷನ್ ಇದೆ. ಹಗ್ಗ ಎಳೆದಾಗ ಹುಟ್ಟುವ ಕರೆಂಟಿನಿಂದಲೇ ಇಸಿಯು, ಪಂಪು ಎಚ್ಚರಗೊಳ್ಳುತ್ತವೆ. ಎಳೆಯುವ ಚೋಕ್ ಗುಂಡಿ ಇದ್ದರೆ ಕಾರ್ಬುರೇಟರ್ ಎನ್ನಲು ಅಡ್ಡಿಯಿಲ್ಲ. ಅದು ಇಲ್ಲವೆಂದು ಇಂಜೆಕ್ಷನ್ ಎನ್ನಲಾಗದು, ಏಕೆಂದರೆ ತಾನೇ ಕೆಲಸ ಮಾಡುವ ಚೋಕ್ ಇರುವ ಕಾರ್ಬುರೇಟರ್‌ಗಳೂ ಇವೆ. ಪೈಪಿನ ನಡುವೆ ಕೈಯಿಂದ ಒತ್ತುವ ರಬ್ಬರ್ ಬಲ್ಬು ಎರಡರಲ್ಲೂ ಇರುತ್ತದೆ. ಟೂಸ್ಟ್ರೋಕ್ ಅಂದರೆ ಕಾರ್ಬುರೇಟರ್ ಎಂಬುದೂ ತಪ್ಪು. ಎವಿನ್ರೂಡ್ ಇ-ಟೆಕ್ ಟೂಸ್ಟ್ರೋಕ್ ಆಗಿದ್ದೂ ಇಂಜೆಕ್ಷನ್ನಿನದೇ.

ಹಾಗಾಗಿ ಪೈಪಿನ ಜಾಡು ಹಿಡಿಯುವುದೇ ವಾಸಿ. ಟ್ಯಾಂಕಿನಿಂದ ಬಂದ ಪೈಪು ಫಿಲ್ಟರ್ ದಾಟಿ, ಒಂದು ಸಣ್ಣ ಪಂಪಿನ ಮೂಲಕ ಹೋಗುತ್ತದೆ. ಅಲ್ಲಿಂದ ಅದು ಸೇರುವ ಭಾಗದ ತಳದಲ್ಲಿ ಬಟ್ಟಲು, ಮಗ್ಗುಲಲ್ಲಿ ಗಾಳಿ ಎಳೆಯುವ ಬಾಯಿ, ಆ ಬಾಯೊಳಗೆ ಆಕ್ಸಿಲರೇಟರ್ ಜೊತೆ ತಿರುಗುವ ತಗಡು ಕಂಡರೆ ಅದು ಕಾರ್ಬುರೇಟರ್. ಇಂಜೆಕ್ಷನ್ ಎಂಜಿನ್ನಿನಲ್ಲಿ ಪೈಪು ಒಂದು ಮುಚ್ಚಿದ ಡಬ್ಬಿಗೆ ಹೋಗುತ್ತದೆ. ಪೆಟ್ರೋಲಿನ ಆವಿ ಬೇರ್ಪಡಿಸುವ ಈ ಡಬ್ಬಿಯೊಳಗೂ ಕಾರ್ಬುರೇಟರಿನ ಬಟ್ಟಲಿನಲ್ಲಿರುವಂತೆ ತೇಲುಬುರುಡೆ, ತಳದಲ್ಲೂ ಡ್ರೇನ್ ಸ್ಕ್ರೂ ಇರುವುದರಿಂದ ನುರಿತವರೂ ಇದನ್ನು ಕಾರ್ಬುರೇಟರ್ ಎಂದುಕೊಳ್ಳುವುದುಂಟು. ಅಲ್ಲಿಗೇ ನಿಲ್ಲಬೇಡಿ, ಮುಂದೆ ನೋಡಿ. ಪೆಟ್ರೋಲ್ ಅಲ್ಲಿಂದ ಹೊರಟು ಸಿಲಿಂಡರುಗಳ ಬದಿಯ ಒಂದು ರೇಲಿಗೆ ಹೋಗಿ, ಪ್ರತಿ ಸಿಲಿಂಡರಿನ ಬಳಿ ಬೆರಳುದ್ದದ ಇಂಜೆಕ್ಟರನ್ನು ಸೇರುತ್ತದೆ. ಒಂದೇ ಸಿಲಿಂಡರ್ ಇದ್ದರೆ ರೇಲು ಇರದೆ ನೇರ ಇಂಜೆಕ್ಟರೇ ಸಿಗಬಹುದು. ಅದರ ತಲೆಗೆ ಎರಡು ವೈರಿನ ಪ್ಲಗ್ ಸಿಕ್ಕಿಸಿದ್ದರೆ ಅನುಮಾನ ಮುಗಿಯಿತು. ಬರೀ ವೈರು ಕಂಡು ತೀರ್ಮಾನಿಸಬೇಡಿ, ಕೆಲವು ಕಾರ್ಬುರೇಟರ್‌ಗಳಿಗೂ ವೈರು ಬಂದಿರುತ್ತದೆ.

ಕೀಲಿಯಿಂದ ಶುರುವಾಗುವ ಎಂಜಿನ್ನಾದರೆ ಇನ್ನೊಂದು ಪರೀಕ್ಷೆ ಇದೆ. ಕೀಲಿಯನ್ನು ಆನ್ ಮಾಡಿ, ಸ್ಟಾರ್ಟ್ ಮಾಡದೆ ಸುಮ್ಮನಿರಿ. ಒಂದೆರಡು ಸೆಕೆಂಡ್ ‘ಗುಂಯ್’ ಎಂದು ಸದ್ದಾಗಿ ನಿಂತರೆ ಅದು ಇಂಜೆಕ್ಷನ್ನಿನ ಪೆಟ್ರೋಲ್ ಪಂಪು. ಮುಚ್ಚಳದ ಮೇಲಿನ ‘ಇಎಫ್ಐ’ (ಇಂಜೆಕ್ಷನ್ ಎಂದು ಹೇಳುವ) ಸ್ಟಿಕರನ್ನು ಯಾರು ಬೇಕಾದರೂ ಅಂಟಿಸಬಹುದು. ಅದರ ಬದಲು ದೋಣಿಗೆ ಬಿಗಿಯುವ ಬ್ರಾಕೆಟ್ಟಿನ ಮೇಲಿರುವ ಮಾಡೆಲ್ ಮತ್ತು ಸೀರಿಯಲ್ ನಂಬರಿನ ಫೋಟೊ ತೆಗೆದು ಕಂಪನಿಯ ಡೀಲರ್‌ಗೆ ಕಳಿಸಿ.

ಮುಚ್ಚಳ ತೆಗೆದಾಗ ಹತ್ತಿರ ಬೀಡಿ, ಬೆಂಕಿ ಬೇಡ. ಇಂಜೆಕ್ಷನ್ ಪೈಪಿನ ಒತ್ತಡ ಸುಮಾರು 3 ಬಾರ್, ಬೈಕಿನ ಟೈರಿನಲ್ಲಿರುವುದಕ್ಕಿಂತ ಹೆಚ್ಚು. ಕ್ಲಿಪ್ ಸಡಿಲಿಸಿದರೆ ಪೆಟ್ರೋಲ್ ಮುಖಕ್ಕೆ ಎರಚುತ್ತದೆ.

ಯಾವುದು ಮೇಲು? ವರ್ಷದಲ್ಲಿ ಕೆಲವೇ ತಿಂಗಳು ಓಡುವ ಸಣ್ಣ ಎಂಜಿನ್ನಾದರೆ ನಿಮ್ಮ ಕಡೆಗೆ ಕಾರ್ಬುರೇಟರೇ ಸಾಕೆಂದು ನನ್ನ ಅಭಿಪ್ರಾಯ. ನಿಂತ ಪೆಟ್ರೋಲ್ ಅಂಟುಗಟ್ಟಿ ಜೆಟ್ ಮುಚ್ಚಿಕೊಂಡರೆ ನಿಮ್ಮ ಮಿಸ್ತ್ರಿಯೇ ಬಿಚ್ಚಿ ತೊಳೆದುಕೊಡುತ್ತಾರೆ. ಇಂಜೆಕ್ಷನ್ ಪೆಟ್ರೋಲ್ ಉಳಿಸುತ್ತದೆ, ಚಳಿಯಲ್ಲೂ ಬೇಗ ಶುರುವಾಗುತ್ತದೆ. ಆದರೆ ಕೆಟ್ಟರೆ ದೋಷ ಓದುವ ಸ್ಕ್ಯಾನರ್ ಮತ್ತು ಅದೇ ಕಂಪನಿಯ ಬಿಡಿಭಾಗ ಬೇಕು. ಎಥನಾಲ್ ಬೆರೆತ ಪೆಟ್ರೋಲ್ ನೀರಿನ ತೇವ ಎಳೆದುಕೊಳ್ಳುವುದರಿಂದ ಯಾವುದನ್ನೇ ಕೊಂಡರೂ ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿಡಿ. ಸಮುದ್ರಮಟ್ಟದಲ್ಲಿ ಹೊಂದಿಸಿದ ಕಾರ್ಬುರೇಟರ್, 600 ಮೀಟರಿಗೂ ಎತ್ತರದ ಬೀದರಿನ ತೆಳುಗಾಳಿಯಲ್ಲಿ ತುಸು ಹೆಚ್ಚು ಪೆಟ್ರೋಲ್ ಕುಡಿಯಬಹುದು. ಕಪ್ಪು ಹೊಗೆ ಬಂದರೆ ಟ್ಯೂನ್ ಮಾಡಿಸಿ.

ಉಪ್ಪುನೀರಿನಲ್ಲಿ ದುಡಿದ ಎಂಜಿನ್ನಿಗೆ ಕಾರ್ಬುರೇಟರಿಗಿಂತ ದೊಡ್ಡ ಚಿಂತೆ ತುಕ್ಕು. ದುಡ್ಡು ಕೊಡುವ ಮೊದಲು, ಕೆಳಭಾಗ ಮುಳುಗುವಷ್ಟು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಓಡಿಸಿ ತೋರಿಸಿ ಎನ್ನಿ. ತಂಪುಗೊಳಿಸುವ ನೀರು ಪಕ್ಕದ ಸಣ್ಣ ತೂತಿನಿಂದ ಸರಾಗ ಚಿಮ್ಮಬೇಕು. ಒಣಗಿದಲ್ಲೇ ಓಡಿಸಿ ತೋರಿಸುತ್ತೇನೆ ಎಂದರೆ ಒಪ್ಪಬೇಡಿ. ನೀರಿಲ್ಲದೆ ತಿರುಗಿದರೆ ಒಳಗೆ ನೀರೆಳೆಯುವ ರಬ್ಬರ್ ಇಂಪೆಲ್ಲರ್ ಬೇಗನೆ ಸುಟ್ಟುಹೋಗುತ್ತದೆ, ಅದರ ಖರ್ಚು ನಿಮ್ಮ ತಲೆಗೇ.